ಸೊಪ್ಪಿನ ರಸದ ಹುಬ್ಬು

ಇಷ್ಟು ಸಣ್ಣ ಸಂಗತಿಯನ್ನು ಕಥೆ ಎಂದು ಹೇಳಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಇರಲಿ. ಹೊನ್ನಾವರ ಬಸ್‌ಸ್ಟ್ಯಾಂಡಿನ ಹಿಂದೆ ಬ್ಯೂಟಿಪಾರ್ಲರ್ ಇಟ್ಟಿರುವ ವೀಣಾ, ಗಿರಾಕಿಯೊಬ್ಬಳ ಹುಬ್ಬಿಗೆ ದಾರ ಹಿಡಿದು ನಿಂತಿದ್ದಾಗ ಮೀನು ಮಾರುವ ಗಂಗಿಯ ಫೋನು ಬಂತು. ಗಂಗಿ ಕುಮಟೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿದ್ದಳು. ಮೂರು ತಿಂಗಳಿಂದ ಬಿಡದ ತಲೆನೋವಿಗೆ ಡಾಕ್ಟರು ಎಂಆರ್‌ಐ ಬರೆದುಕೊಟ್ಟಿದ್ದರು.

"ಇಲ್ಲೊಬ್ಬ ತಮ್ಮ ನನ್ನ ಹುಬ್ಬು ನೋಡಿ, ಇದು ಟ್ಯಾಟೂ ಅಲ್ದಾ, ಎಂತ ಬಣ್ಣ ಅಂತ ಕೇಳ್ತಾ ಕೂತಿದ್ದಾನೆ. ಸೊಪ್ಪಿನ ರಸ ಅಂದ್ರೆ ನಂಬೂದಿಲ್ಲ. ನೀನೇ ಒಂದು ಮಾತು ಹೇಳು ಮಾರಾಯ್ತಿ."

ಸೊಪ್ಪಿನ ರಸ ಎಂದು ಗಂಗಿಗೆ ಹೇಳಿದವಳು ವೀಣಾಳೇ. ಮೀನು ಮಾರ್ಕೆಟಿನಲ್ಲಿ ಗಂಗಿ ಚೌಕಾಶಿಗೆ ಬಾಯಿ ಬಿಡುತ್ತಿರಲಿಲ್ಲ. ಗಿರಾಕಿ ಕಮ್ಮಿ ಕೇಳಿದರೆ ಎಡಗಡೆಯ ಹುಬ್ಬನ್ನು ಒಮ್ಮೆ ಮೇಲಕ್ಕೆತ್ತುವಳು, ಅಷ್ಟಕ್ಕೇ ಅವರು ಚೀಲ ಬಿಚ್ಚುವರು. ಥೈರಾಯ್ಡ್ ಬಂದು ಹುಬ್ಬಿನ ಕೂದಲೆಲ್ಲ ಉದುರಿದ ಮೇಲೆ ಯಾರೂ ಅವಳಿಗೆ ಹೆದರದಂತಾದರು. ಕಳೆದ ವರ್ಷ ವೀಣಾ ಸೂಜಿ ಹಿಡಿದು ಬಣ್ಣ ಇಳಿಸಿ, ಆ ಎರಡು ಹುಬ್ಬುಗಳನ್ನು ಮತ್ತೆ ಬರೆದುಕೊಟ್ಟಿದ್ದಳು. ಬಾಟಲಿಯ ಮೇಲಿನ ಅಕ್ಷರ ಯಾವ ದೇಶದ್ದೋ ಅವಳಿಗೆ ತಿಳಿಯದು. ಮಾರಿದ ಹುಬ್ಬಳ್ಳಿಯವನು ಗಿಡಮೂಲಿಕೆಯದ್ದು ಎಂದಿದ್ದ, ಇವಳೂ ಅದನ್ನೇ ಹೇಳುತ್ತ ಬಂದಿದ್ದಳು.

ಅಷ್ಟರಲ್ಲಿ ಆ ಕಡೆ ಗಂಗಿಯ ಕೈಯಿಂದ ಟೆಕ್ನಿಷಿಯನ್ ಕಿರಣ ಫೋನು ತೆಗೆದುಕೊಂಡ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಆದರೆ ಕೆಲವು ಬಣ್ಣಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅಪರೂಪಕ್ಕೆ ಮಷಿನ್ನಿನೊಳಗೆ ಅದು ಬಿಸಿಯಾಗಿ ಚರ್ಮ ಸುಟ್ಟದ್ದುಂಟು ಎಂದು ಮೆಲ್ಲಗೆ ವಿವರಿಸಿದ. ನಿಜಕ್ಕೂ ಸೊಪ್ಪಿನದ್ದೇ ಹೌದಾದರೆ ಚಿಂತೆ ಇಲ್ಲ ಎಂದೂ ಸೇರಿಸಿದ. ವೀಣಾ 'ಹೌದು' ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ 'ಹೌದು' ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಅವಳನ್ನ ಈಗಲೇ ಒಳಗೆ ಬಿಡಬೇಡಿ. ನಾ ಬಾಟ್ಲಿ ತಕಂಡು ಬರ್ತೇನೆ," ಎಂದಳು.

ಒಂದೇ ಹುಬ್ಬು ಮುಗಿದಿದ್ದ ಗಿರಾಕಿ, ಅರ್ಧ ಮುಖ ಹೊತ್ತುಕೊಂಡು ತಾನು ಪೇಟೆ ತಿರುಗಬೇಕೇ ಎಂದು ಗೊಣಗಿದಳು. ಅವಳಿಗೆ ಸಂಜೆ ಬರಲು ಹೇಳಿ ವೀಣಾ ಬಾಗಿಲೆಳೆದು ಬಸ್ಸು ಹತ್ತಿದಳು. ಧಾರೇಶ್ವರ ದಾಟುವಾಗ ಲೆಕ್ಕ ಹಾಕಿ ನೋಡಿದಳು. ಅದೇ ಬಾಟಲಿಯಿಂದ ಇದುವರೆಗೆ ಹನ್ನೊಂದು ಜನರ ಹುಬ್ಬು ಬರೆದಿದ್ದಳು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಗಂಗಿ ಅವರು ಕೊಟ್ಟ ನಿಲುವಂಗಿ ತೊಟ್ಟು ಕೂತಿದ್ದಳು. ಎದುರಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ಅವಳ ಮೂಗುತಿ, ತಲೆಪಿನ್ನುಗಳು, ಬೀಗದ ಕೈ, ಸುಣ್ಣದ ಡಬ್ಬಿ, ಬಳೆಗೆ ಸಿಕ್ಕಿಸಿಕೊಂಡಿದ್ದ ಒಂಬತ್ತು ಸೇಫ್ಟಿಪಿನ್ನುಗಳು ಬಿದ್ದಿದ್ದವು. ಕಬ್ಬಿಣ ಒಂದನ್ನೂ ಒಳಗೆ ಒಯ್ಯುವ ಹಾಗಿಲ್ಲವಂತೆ, ಇನ್ನು ಬಿಚ್ಚುವುದಕ್ಕೆ ತನ್ನ ಹಲ್ಲು ಮಾತ್ರ ಬಾಕಿ ಎಂದು ನಕ್ಕಳು. ವೀಣಾಳಿಗೆ ನಗು ಬರಲಿಲ್ಲ.

"ಗಂಗಕ್ಕ, ಅದು ಸೊಪ್ಪಿನ ರಸ ಅಂತ ನಾ ಹೇಳಬಾರದಿತ್ತು. ಎಂತದು ಅಂತ ನಂಗೇ ಗೊತ್ತಿಲ್ಲ."

ಗಂಗಿಯ ಎಡಗಡೆಯ ಹುಬ್ಬು ಮೇಲಕ್ಕೆ ಹೋಯಿತು. ತಾನೇ ಬರೆದ ಹುಬ್ಬಿನ ಎದುರು ನಿಲ್ಲಲಾರದೆ ವೀಣಾ ನೆಲ ನೋಡಿದಳು.

ಕಿರಣ ಹತ್ತಿಯ ಮೇಲೆ ಬಣ್ಣದ ಹನಿ ಇಳಿಸಿ ಸಣ್ಣದೊಂದು ಅಯಸ್ಕಾಂತ ಹಿಡಿದ. ಏನೂ ಅಲ್ಲಾಡಲಿಲ್ಲ, ಆದರೆ ಇಷ್ಟರಿಂದಲೇ ಏನನ್ನೂ ಹೇಳಲು ಬಾರದು ಎಂದ. ದೊಡ್ಡ ಡಾಕ್ಟರನ್ನು ಕೇಳಿ, ಎಚ್ಚರಿಕೆಯಿಂದ ಮಾಡಬಹುದು ಎಂಬ ಒಪ್ಪಿಗೆ ಪಡೆದು ಬಂದು, ಕಾಗದದಲ್ಲಿ ಬಣ್ಣದ ವಿವರ ಎಂದಿದ್ದಲ್ಲಿ 'ಗೊತ್ತಿಲ್ಲ' ಎಂದು ಬರೆದ. ಗಂಗಿಯ ಹುಬ್ಬಿನ ಮೇಲೆ ತಣ್ಣೀರಿನ ಒದ್ದೆ ಬಟ್ಟೆ ಹಾಕಿ, ಕೈಗೆ ರಬ್ಬರಿನ ಗುಂಡೊಂದನ್ನು ಕೊಟ್ಟು, ತುಸು ಬಿಸಿ ಅನ್ನಿಸಿದರೂ ಹಿಚುಕಬೇಕು, ಕೂಡಲೇ ನಿಲ್ಲಿಸುತ್ತೇನೆ ಎಂದು ಎರಡೆರಡು ಸಲ ಹೇಳಿದ.

ಬಾಗಿಲು ಮುಚ್ಚಿತು. ದೋಣಿಯ ಹಲಗೆಗೆ ಮೊಳೆ ಬಡಿಯುವಂಥ ಸದ್ದು ಶುರುವಾಯಿತು. ಹೊರಗಿನ ಬೆಂಚಿನಲ್ಲಿ ಕೂತ ವೀಣಾ ಆ ಸದ್ದು ಅರ್ಧಕ್ಕೇ ನಿಂತರೆ ಎಂದು ಉಸಿರು ಹಿಡಿದಳು. ಮಧ್ಯೆ ಒಮ್ಮೆ ನಿಂತೇ ನಿಂತಿತು. ಅವಳು ಎದ್ದು ಬಾಗಿಲ ಹತ್ತಿರ ಓಡಿದಳು. ಸದ್ದು ಮತ್ತೆ ಬೇರೆ ತಾಳದಲ್ಲಿ ಶುರುವಾಯಿತು. ಹಾಗೆ ನಿಲ್ಲುವುದು ಅದರ ರೀತಿ ಎಂದು ಆಮೇಲೆ ತಿಳಿಯಿತು.

ಅರ್ಧ ಗಂಟೆಯ ಮೇಲೆ ಗಂಗಿ ಕಣ್ಣುಜ್ಜುತ್ತ ಹೊರಬಂದಳು. ಬಟ್ಟೆಯ ತಂಪಿಗೆ ನಿದ್ದೆ ಹತ್ತಿತ್ತಂತೆ. ವೀಣಾ ಅವಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಎರಡೂ ಹುಬ್ಬನ್ನು ಬೆರಳಿನಿಂದ ಸವರಿ ನೋಡಿದಳು. ಕೆಂಪಿಲ್ಲ, ಬಿಸಿಯಿಲ್ಲ. ವೀಣಾಳ ಕಣ್ಣಲ್ಲಿ ನೀರು ಬಂತು.

"ಅಳೂದು ಎಂತಕ್ಕೆ?" ಗಂಗಿ ಸೇಫ್ಟಿಪಿನ್ನುಗಳನ್ನು ಒಂದೊಂದಾಗಿ ಬಳೆಗೆ ಸಿಕ್ಕಿಸಿಕೊಳ್ಳುತ್ತ ಹೇಳಿದಳು. "ನಾನೂ ನಿನ್ನೆಯ ಬಂಗಡೆಯನ್ನ ಇವತ್ತಿಂದು ಅಂತ ಮಾರಿದ್ದುಂಟು. ನಿಂಗೂ ಕೊಟ್ಟಿದ್ದೆ. ತಿಂದು ಚೊಲೋ ಇತ್ತು ಅಂದಿದ್ದೆ ನೀನು."

ಯಾವತ್ತಿನ ಬಂಗಡೆ ಎಂದು ವೀಣಾ ಕೇಳಲಿಲ್ಲ. ಆ ಬಾಟಲಿಯಲ್ಲಿ ಏನಿತ್ತು ಎಂಬುದೂ ಇಂದಿನವರೆಗೆ ಗೊತ್ತಾಗಿಲ್ಲ.