ನಿಂಬೆ ಉಪ್ಪು

“ಮತ್ತೆ ನಿಂಬೆ ಉಪ್ಪಾ? ಹೋದ ವಾರ ತಂದಿದ್ದು ಏನಾಯ್ತು?” ಕೆಲಸಕ್ಕೆ ಹೊರಟಿದ್ದ ಗಂಡ ಕೇಳಿದ.

“ನಮ್ಮ ಬೋರ್‌ವೆಲ್ ನೀರಲ್ಲಿ ಕಬ್ಬಿಣ ಜಾಸ್ತಿ ರೀ. ವಾಟರ್ ಸಾಫ್ಟ್‌ನರ್ ಒಳಗಿರೋ ರೆಸಿನ್ ಮಣಿಗಳು ಅದನ್ನ ಹಿಡ್ಕೊಂಡ್ರೆ ಬಿಡೋದೇ ಇಲ್ಲ. ನಿಂಬೆ ಉಪ್ಪಿನ ನೀರಲ್ಲಿ ನೆನೆಸಿದ್ರೇನೇ ಬಿಡೋದು.”

ಮದುವೆಗೆ ಮುಂಚೆ ಅವಳು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಳು. ಹೇಳಿದ್ದು ಸುಳ್ಳಲ್ಲ. ಆದರೆ ಮಣಿಗಳಿಗೆ ಅಷ್ಟೊಂದು ಬೇಕಿರಲಿಲ್ಲ.

“ನೀರು ಇನ್ನೂ ಕೆಂಪಗೇ ಬರ್ತಿದೆ, ತಂದ್ಕೊಡು,” ಎಂದರು ಅತ್ತೆ, ಸೊಸೆಯ ಮುಖವನ್ನೇ ನೋಡುತ್ತ.

ಅವನು ಎಂದಿನಂತೆ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಕೀಲಿಕೈ ಜೇಬಿಗಿಳಿಸಿಕೊಂಡು ಹೋದ.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅವಳು ಹಿತ್ತಲ ಬಾಗಿಲಿಗೆ ಹೋದಳು. ತೀರಿಹೋದ ಮಾವನ ಕಾಲದಿಂದ ಅದನ್ನು ಯಾರೂ ತೆರೆದಿರಲಿಲ್ಲ. ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಿಂಬೆ ಉಪ್ಪಿಗೆ ಮಣಿಯ ಕಬ್ಬಿಣವೂ ಒಂದೇ, ಚಿಲಕದ ತುಕ್ಕೂ ಒಂದೇ. ದಿನವೂ ಸುತ್ತಿಡುತ್ತಿದ್ದ ಒದ್ದೆಬಟ್ಟೆಯನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಎಳೆದಳು. ಚಿಲಕ ಕಿರುಗುಟ್ಟಿ ಸರಿಯಿತು.

“ಇದೇನಾ ನಿನ್ನ ಸಾಫ್ಟ್‌ನರ್ರು?”

ಬೆನ್ನ ಹಿಂದೆ ಅತ್ತೆ ನಿಂತಿದ್ದರು.

“ಅತ್ತೆ... ಅವರಿಗೆ ಹೇಳ್ಬೇಡಿ, ನಿಮ್ಮ ದಮ್ಮಯ್ಯ.”

ಅತ್ತೆ ಹತ್ತಿರ ಬಂದು ಚಿಲಕವನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ನಿಮ್ಮ ಮಾವ ಇರೋವರೆಗೂ ನಾನು ಇದಕ್ಕೆ ಬರೀ ಕೊಬ್ಬರಿ ಎಣ್ಣೆ ಬಿಡ್ತಿದ್ದೆ ಕಣೇ, ಒಂದಿನಾನೂ ಜಗ್ಗಲಿಲ್ಲ,” ಎಂದರು. “ತಾಳು, ನಾನೂ ಚಪ್ಪಲಿ ಹಾಕ್ಕೊಂಡು ಬಂದೆ.”