ಶಾಂತವ್ವ ಟೀಚರ್ ಹಾರಿಸಿದ ಮೂರನೆಯ ರಾಕೆಟ್

ಪಿಂಚಣಿ ಕಚೇರಿ ಮೋಡದ ಮೇಲಕ್ಕೆ ಸ್ಥಳಾಂತರವಾದ ಮೇಲೆ ಊರಿನ ಹಿರಿಯರೆಲ್ಲ ಅರ್ಜಿ ಕಳಿಸಲು ರಾಕೆಟ್ ಕಟ್ಟುವುದನ್ನು ಕಲಿತಿದ್ದರು. ನಿವೃತ್ತ ಹೊಲಿಗೆ ಟೀಚರ್ ಶಾಂತವ್ವನದು ಇದು ಮೂರನೆಯದು. ಮೊದಲನೆಯದು ಸೊಟ್ಟಗೆ ಬಂತೆಂದೂ ಎರಡನೆಯದು ಊಟದ ಹೊತ್ತಿಗೆ ಬಂತೆಂದೂ ಕಚೇರಿಯವರು ತಿರಸ್ಕರಿಸಿದ್ದರು.

ಈ ಸಲ ಅಂಗಡಿಯಿಂದ ತಂದ ರಾಕೆಟ್ ಕಿಟ್‌ನ ರೆಕ್ಕೆಗಳನ್ನು ಅಳತೆಪಟ್ಟಿ ಹಿಡಿದೇ ಅಂಟಿಸಿದಳು. ಹಳೆಯ ಸೀರೆಯಲ್ಲಿ ಪ್ಯಾರಾಶೂಟ್ ಹೊಲಿದು, ಅಂಟಿಕೊಳ್ಳದಿರಲೆಂದು ಪೌಡರ್ ಉದುರಿಸಿ ಮಡಚಿದಳು. ಮೂತಿಯೊಳಗೆ ‘ನಾನು ಜೀವಂತ ಇದ್ದೇನೆ’ ಎಂಬ ಅರ್ಜಿ ಇಟ್ಟು, ಶಾಲೆಯ ಬಯಲಿನಲ್ಲಿ ನಿಲ್ಲಿಸಿ, ದೂರ ಸರಿದು ಗುಂಡಿ ಒತ್ತಿದಳು. ರಾಕೆಟ್ ನೆಟ್ಟಗೆ ಏರಿತು.

ಅರ್ಧ ಗಂಟೆಗೆ ಸೀರೆಯ ಪ್ಯಾರಾಶೂಟ್ ತೂಗಾಡುತ್ತ ಇಳಿಯಿತು. ಅರ್ಜಿಯ ಮೇಲೆ ಷರಾ ಇತ್ತು: ‘ರಾಕೆಟ್ ತಲುಪಿದೆ. ಹಾರಿಸಿದವರು ಜೀವಂತ ಇರುವುದಕ್ಕೆ ಪುರಾವೆ ಇಲ್ಲ. ಖುದ್ದಾಗಿ ಹಾಜರಾಗಬೇಕು.’

ಶಾಂತವ್ವ ನೇರ ರಾಕೆಟ್ ಕಿಟ್ ಮಾರುವ ಮಾಬುಸಾಬನ ಅಂಗಡಿಗೆ ಹೋದಳು. “ಮಾಬುಸಾಬರ, ಮನಷ್ಯಾರು ಕುಂದ್ರೂವಂಥಾದು ಐತೇನ್ರಿ?”

“ಐತ್ರಿ ಟೀಚರ. ಪ್ಯಾರಾಶೂಟಿಗೆ ಎಷ್ಟು ಸೀರಿ ಅದಾವು?”

“ಹದಿನಾಲ್ಕು. ಅದಿರ್ಲಿ, ಊಟದ ಹೊತ್ತಿಗೇ ಮುಟ್ಟಿದ್ರ ಮ್ಯಾಲ ಎಲ್ಲಿ ನಿಂದ್ರೂದು?”

“ಅಲ್ಲೇ ಗಾಳ್ಯಾಗ ಪಾಳಿ ಹಚ್ಚೂದ್ರಿ,” ಎಂದು ಮಾಬುಸಾಬ ಆಕಾಶ ತೋರಿಸಿದ. “ನಿಮ್ಮ ಹೆಡ್‌ಮಾಸ್ತರು ಸೋಮವಾರದಿಂದ ತೂಗಾಡಾಕತ್ತಾರ.”