ಮರಳಿನ ತಪ್ಪು

ಇಂಗ್ಲಿಷ್ ಪದ್ಯ ಅರ್ಧಕ್ಕೆ ಬರುವ ಹೊತ್ತಿಗೆ ತಾಲ್ಲೂಕಿನ ಅಮಲ್ದಾರ್ ಮುರುಗಪ್ಪನವರು ಎಲೆಅಡಿಕೆ ತಟ್ಟೆ ಹಿಡಿದು ಬಂದು ಮಗಳ ಪಕ್ಕದಲ್ಲೇ ಕುಳಿತರು. ಮನೆಪಾಠಕ್ಕೆ ಬಂದಿದ್ದ ಚಿತ್ರಲಿಂಗಪ್ಪ ಮೇಷ್ಟ್ರ ಓದು ತಡವರಿಸಿತು.

ತಡವರಿಸದೆ ಏನು? ಭರಮಸಾಗರದ ದಾರಿಯಲ್ಲಿ ಅಮಲ್ದಾರರು ಒಂದು ಬಾವಿ ತೋಡಿಸಿದ್ದರು. ಅದರ ದಂಡೆಯಲ್ಲಿ ತಮ್ಮ ಹೆಸರು, ಹುದ್ದೆ ಕೆತ್ತಿಸಿ ಆಳೆತ್ತರದ ಕಲ್ಲು ನಿಲ್ಲಿಸುವವರಿದ್ದರು. ಬಾವಿಗಿಂತ ಕಲ್ಲೇ ದೊಡ್ಡದು ಎಂದು ಜನ ಮರೆಯಲ್ಲಿ ನಗುತ್ತಿದ್ದರು. ಕಲ್ಲಿನ ಒಕ್ಕಣೆ ಬರೆದುಕೊಡುವ ಕೆಲಸ ಚಿತ್ರಲಿಂಗಪ್ಪನ ತಲೆಗೇ ಬಿದ್ದಿತ್ತು. ಶಾಲೆಯಲ್ಲಿ ಅವನದು ಹಂಗಾಮಿ ನೌಕರಿ. ಖಾಯಂ ಆಗಬೇಕಾದರೆ ಅಮಲ್ದಾರರ ಶಿಫಾರಸು ಬೇಕು. ಕುರಿ ಕಾಯುವ ಮನೆತನದಲ್ಲಿ ಇಂಗ್ಲಿಷ್ ಕಲಿತ ಮೊದಲಿಗ ಅವನು. ಇದು ತಪ್ಪಿದರೆ ಮತ್ತೆ ಕುರಿಯ ಹಿಂದೆಯೇ.

ಪದ್ಯವೋ, ಬೇಕೆಂದೇ ಬರೆದಂತಿತ್ತು. ಮರಳುಗಾಡಿನಲ್ಲಿ ಒಬ್ಬ ದೊರೆಯ ಜಯಸ್ತಂಭ ಮುರಿದು ಬಿದ್ದಿದೆ. ತಾನು ಕಾಲಿಟ್ಟಲ್ಲಿ ಭೂಮಿ ನಡುಗುತ್ತದೆ ಎಂದು ಅದರ ಮೇಲೆ ಕೆತ್ತಿಸಿದ್ದಾನೆ. ಸುತ್ತ ಒಂದು ನರಪಿಳ್ಳೆ ಇಲ್ಲ. ದಾರಿಹೋಕರ ಒಂಟೆಯೊಂದು ಆ ಅಕ್ಷರಗಳಿಗೆ ಮೈ ಉಜ್ಜಿಕೊಂಡು ಮುಂದೆ ಹೋಗುತ್ತದೆ. ಅಷ್ಟೇ.

ಚಿತ್ರಲಿಂಗಪ್ಪ ಪ್ರಾಸ, ಛಂದಸ್ಸು ಎಂದು ಸುತ್ತಿ ಬಳಸಿ ಹೊತ್ತು ಕಳೆದ. ಒಂಟೆಯ ವಿಷಯವಾಗಿ ತನಗೆ ಗೊತ್ತಿದ್ದುದಕ್ಕಿಂತ ಹೆಚ್ಚೇ ಹೇಳಿದ. ಅಮಲ್ದಾರರ ಮಗಳು, ಹದಿನಾಲ್ಕರ ಶಿವಗಂಗಮ್ಮ ಬಿಡುವವಳಲ್ಲ. ಅದೆಲ್ಲ ಇರಲಿ, ಕವಿ ಏನು ಹೇಳುತ್ತಾನೆ ಎಂದು ಕೇಳಿದಳು.

"ಅಧಿಕಾರ ನಿಲ್ಲೋದಿಲ್ಲ ಅಂತಾನೆ ತಾಯಿ," ಎಂದ ಅವನು, ಚಾಪೆ ನೋಡುತ್ತಾ. "ಕಲ್ಲಿಗೆ ಕೆತ್ತಿಸಿದ್ರೂ ನಿಲ್ಲೋದಿಲ್ಲ."

ಅಮಲ್ದಾರರು ಕೋಪಿಸಿಕೊಳ್ಳಲಿಲ್ಲ. ಎಲೆಗೆ ಸುಣ್ಣ ಸವರುತ್ತಾ ನಿಧಾನವಾಗಿ ಯೋಚಿಸಿದರು. ಕೊನೆಗೆ ಕಿಟಕಿಯಾಚೆಯ ದುರ್ಗದ ಕೋಟೆಯ ಕಡೆ ಕೈ ತೋರಿಸಿದರು.

"ಅದು ಮರಳಿನ ತಪ್ಪು ಮೇಷ್ಟ್ರೇ. ತಳಪಾಯ ಇಲ್ದೆ ಯಾವ ಕಲ್ಲು ನಿಲ್ತೈತೆ? ಅಲ್ನೋಡ್ರಿ. ಪಾಳೇಗಾರ್ರು ಹೋಗಿ ನೂರಿಪ್ಪತ್ತು ವರ್ಷದ ಮ್ಯಾಲಾತು. ದುರ್ಗದ ಕಲ್ಲು ಒಂದಾದ್ರೂ ಅಲುಗೈತಾ?"

ಪಾಳೇಗಾರರು ಹೋದರೆಂಬ ಮಾತು ಅವರ ಬಾಯಿಂದಲೇ ಬಂದಿತ್ತು. ಅದೊಂದನ್ನು ಹಿಡಿದರೆ ಪದ್ಯದ ಅರ್ಥ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಚಿತ್ರಲಿಂಗಪ್ಪನಿಗೆ ಮನೆ, ಮನೆಯ ಕುರಿಗಳು ನೆನಪಾದವು.

"ಹೌದು ಸ್ವಾಮಿ," ಎಂದ. "ಮರಳಿನದೇ ತಪ್ಪು."

ಅಮಲ್ದಾರರಿಗೆ ಬಹಳ ಸಂತೋಷವಾಯಿತು. ಕಾಗದ ತರಿಸಿ ಒಕ್ಕಣೆಯನ್ನೂ ಅಲ್ಲೇ ಬರೆಸಿಕೊಂಡರು. ಸೂರ್ಯಚಂದ್ರರಿರುವ ತನಕ ಈ ಹೆಸರು ಇರುತ್ತದೆ ಎಂಬ ಸಾಲು ಸೇರಿಸಲು ಹೇಳಿದರು. ಚಿತ್ರಲಿಂಗಪ್ಪ ಅದನ್ನೂ ಬರೆದ. ಶಿಫಾರಸು ನಾಳೆಯ ಟಪಾಲಿನಲ್ಲೇ ಹೋಗುತ್ತದೆಂದು ಭರವಸೆ ಕೊಟ್ಟು ಅವರು ಒಳಗೆ ಹೋದರು. ಬದುಕಿದೆ ಅನ್ನಿಸಿತು ಅವನಿಗೆ. ನಾಚಿಕೆಯೂ ಆಯಿತು.

ಶಿವಗಂಗಮ್ಮ ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.

"ಪರೀಕ್ಷೆಲಿ ಯಾವ ಅರ್ಥ ಬರೀಲಿ ಮೇಷ್ಟ್ರೇ? ಕವಿದಾ, ಅಪ್ಪಾರದಾ?"

ಚಿತ್ರಲಿಂಗಪ್ಪ ಒಳಬಾಗಿಲ ಕಡೆ ಒಮ್ಮೆ ನೋಡಿದ.

"ಕವಿದು ಬರಿ ತಾಯಿ," ಎಂದ ಮೆಲ್ಲಗೆ. "ಅಪ್ಪಾರದನ್ನ ನಾನಾಗ್ಲೇ ಬರ್ಕೊಟ್ಟೀನಿ."